ಲೆಕ್ಕ ಹಾಕುವವರು, ಬೆಲೆ ತೆರುವವರು

1943ರ ಏಪ್ರಿಲ್ 1ರಂದು ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ ಮೂವರು ಪೊಲೀಸರ ಗುಂಡಿಗೆ ಬಲಿಯಾದರು. ಅಲ್ಲಿ ಸಂಗ್ರಹವಾಗಿದ್ದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋಗಿದ್ದ ತಂಡದವರು ಅವರು: ಮೈಲಾರ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹದೇವಪ್ಪ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರು. 1911ರಲ್ಲಿ ಹುಟ್ಟಿದವರು. 1930ರಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ, ಸಾಬರಮತಿಯಿಂದ ದಂಡಿಯವರೆಗೆ ಗಾಂಧಿಯವರ ಜೊತೆ ನಡೆದವರು. ಈಗ ಹಾವೇರಿಯ ರೈಲು ನಿಲ್ದಾಣಕ್ಕೆ ಅವರದೇ ಹೆಸರು. ವರ್ಷಕ್ಕೊಮ್ಮೆ ಹಾರ ಬೀಳುತ್ತದೆ, ಭಾಷಣವಾಗುತ್ತದೆ. ಆದರೆ ಅವರ ಬದುಕೇ ಎತ್ತಿದ ಒಂದು ಪ್ರಶ್ನೆಯನ್ನು ಆ ವೇದಿಕೆಗಳಲ್ಲಿ ಯಾರೂ ಎತ್ತಿದ್ದನ್ನು ನಾನು ಕೇಳಿಲ್ಲ. ಅಹಿಂಸೆಯ ದಾರಿಯಲ್ಲಿ ಅಷ್ಟು ದೂರ ನಡೆದವರು ಸರ್ಕಾರದ ಹಣಕ್ಕೆ ಕೈಹಾಕಿದ್ದು ಸರಿಯೆ?

ಹುತಾತ್ಮರ ವಿಷಯದಲ್ಲಿ ಇಂಥ ಪ್ರಶ್ನೆ ಅಗೌರವ ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಆ ದಿನಗಳಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ಒಳಗಿನವರೇ ಈ ಪ್ರಶ್ನೆಗೆ ತಲೆಕೆಡಿಸಿಕೊಂಡಿದ್ದರು. 1942ರ ಆಗಸ್ಟಿನಲ್ಲಿ ಗಾಂಧಿಯವರ ಬಂಧನವಾದ ಮೇಲೆ ‘ಹರಿಜನ’ ಪತ್ರಿಕೆ ಕಿಶೋರಲಾಲ ಮಶ್ರೂವಾಲಾ ಅವರ ಕೈಗೆ ಬಂತು. ಜೀವಕ್ಕೆ ಅಪಾಯವಾಗದಂತೆ ನೋಡಿಕೊಂಡರೆ ತಂತಿ ಕತ್ತರಿಸುವುದು, ಹಳಿ ಕಿತ್ತು ಸಂಚಾರ ನಿಲ್ಲಿಸುವುದು ಅಹಿಂಸೆಯ ಮೇರೆಯೊಳಗೇ ಬರುತ್ತದೆ ಎಂದು ಅವರು ಬರೆದರು. 1944ರಲ್ಲಿ ಬಿಡುಗಡೆಯಾಗಿ ಬಂದ ಗಾಂಧಿ ಇದನ್ನು ಒಪ್ಪಲಿಲ್ಲ. ಗುಪ್ತವಾಗಿ ನಡೆಯುವುದೂ ಆಸ್ತಿ ನಾಶವೂ ತಮ್ಮ ಅಹಿಂಸೆಯಲ್ಲ ಎಂದರು. ಭೂಗತರಾಗಿದ್ದವರು ಹೊರಬರಲಿ ಎಂದರು. ಅಷ್ಟರಲ್ಲಿ ಹೊಸರಿತ್ತಿಯ ಘಟನೆ ನಡೆದು ವರ್ಷ ದಾಟಿತ್ತು. ಮಹದೇವಪ್ಪನವರಿಗೆ ಗುರುವಿನ ಈ ತೀರ್ಪು ಕೇಳುವ ಅವಕಾಶವೇ ಸಿಗಲಿಲ್ಲ.

ನೀತಿಶಾಸ್ತ್ರದ ಪಾಠಪುಸ್ತಕಗಳು ಇಂಥ ಪ್ರಸಂಗಕ್ಕೆ ಸಿದ್ಧ ಉತ್ತರಗಳನ್ನು ಕೊಡುತ್ತವೆ. ಕೆಲಸ ಸರಿಯೋ ತಪ್ಪೋ ಎಂಬುದು ಅದರಿಂದಾಗುವ ಒಟ್ಟು ಸುಖದುಃಖದ ಮೇಲೆ ನಿಂತಿದೆ ಎನ್ನುವುದು ಬೆಂಥಾಮ್ ಮತ್ತು ಮಿಲ್ ಬೆಳೆಸಿದ ಪರಿಣಾಮವಾದ. ಫಲ ಏನೇ ಆಗಲಿ, ಕೆಲವು ಕೆಲಸ ಮಾಡಲೇಕೂಡದು, ಮನುಷ್ಯನನ್ನು ಬರೀ ಸಾಧನವಾಗಿ ಬಳಸಕೂಡದು ಎನ್ನುವುದು ಕಾಂಟ್‌ನ ಕರ್ತವ್ಯವಾದ. ಮಾಡಿದ ಕೆಲಸವನ್ನು ಬಿಡಿಯಾಗಿ ತೂಗದೆ ಮಾಡಿದವನ ಶೀಲ ನೋಡು ಎನ್ನುವವನು ಅರಿಸ್ಟಾಟಲ್. ಕಾಲೇಜಿನಲ್ಲಿ ಇವುಗಳನ್ನು ಒಂದರ ಎದುರು ಒಂದು ನಿಲ್ಲಿಸಿ, ಯಾವುದು ಗೆಲ್ಲುತ್ತದೆ ಎಂದು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಕೇಳುತ್ತಾರೆ. ನನ್ನ ತಕರಾರು ಇರುವುದು ಆ ಕ್ರಮದ ಬಗ್ಗೆ. ಸಿದ್ಧಾಂತಗಳನ್ನು ಹೀಗೆ ಕುಸ್ತಿಗೆ ಬಿಡುವ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಬಿಟ್ಟುಹೋಗುತ್ತದೆ: ಈ ಸಿದ್ಧಾಂತವನ್ನು ಈಗ ಯಾರು ಹಿಡಿದು ಮಾತಾಡುತ್ತಿದ್ದಾರೆ? ಅವರ ಲೆಕ್ಕ ತಪ್ಪಿದರೆ ಅದರ ಬೆಲೆ ಯಾರ ಮನೆಗೆ ಹೋಗುತ್ತದೆ?

ಗಾಂಧಿ ‘ಹಿಂದ್ ಸ್ವರಾಜ್’ನಲ್ಲಿ ಸಾಧನವನ್ನು ಬೀಜಕ್ಕೂ ಸಾಧ್ಯವನ್ನು ಮರಕ್ಕೂ ಹೋಲಿಸಿದರು. ಬೀಜದಂತೆ ಮರ ಎಂಬ ಮಾತು ಕೇಳಲು ಚೆನ್ನ. ರಾಣೆಬೆನ್ನೂರಿನಲ್ಲಿ ಹೈಬ್ರಿಡ್ ಬೀಜ ಬೆಳೆಯುವ ರೈತನ ಮುಂದೆ ಈ ಮಾತು ಆಡಿದರೆ ಮಾತ್ರ ಅವನು ನಕ್ಕಾನು. ಹೈಬ್ರಿಡ್ ಬೆಳೆಯ ಕಾಯಿಯಿಂದ ಬೀಜ ಉಳಿಸಿಕೊಂಡು ಮರುವರ್ಷ ಬಿತ್ತಿದರೆ ಬರುವುದು ಹಿಂದಿನ ವರ್ಷದ ಬೆಳೆಯಲ್ಲ, ಅಜ್ಜನ ಗುಣ ಒಂದು ಗಿಡಕ್ಕೆ, ಅಜ್ಜಿಯ ಗುಣ ಇನ್ನೊಂದಕ್ಕೆ. ಇತಿಹಾಸವೂ ಹೆಚ್ಚುಕಡಿಮೆ ಹೀಗೆಯೇ. ಶುದ್ಧ ಸಾಧನದಿಂದ ಕೆಟ್ಟ ಫಲ ಬಂದದ್ದುಂಟು, ಅಶುದ್ಧ ಸಾಧನದಿಂದ ಒಳ್ಳೆಯದೂ ಬಂದದ್ದುಂಟು. ಆದ್ದರಿಂದ ಸಾಧನ ಶುದ್ಧವಾಗಿದ್ದರೆ ಫಲ ತಾನಾಗಿ ಒಳ್ಳೆಯದಾಗುತ್ತದೆ ಎಂಬ ಭರವಸೆಯ ಮೇಲೆ ಕರ್ತವ್ಯವಾದವನ್ನು ನಿಲ್ಲಿಸಲಾಗದು. ಹಾಗೆ ನಿಲ್ಲಿಸಿದರೆ ಅದೂ ಒಳಗೊಳಗೇ ಪರಿಣಾಮವಾದವೇ. ಗಾಂಧಿಯವರ ನಿಲುವಿನ ಬಲ ಇರುವುದು ಬೇರೆ ಕಡೆ: ಫಲ ನಮ್ಮ ಕೈಯಲ್ಲಿಲ್ಲ, ಅದನ್ನು ಅಳೆಯುವಷ್ಟು ಬುದ್ಧಿಯೂ ನಮಗಿಲ್ಲ ಎಂಬ ವಿನಯದಲ್ಲಿ.

ಇಷ್ಟು ಹೇಳಿದ ಮೇಲೂ ನಾನು ಹೊಸರಿತ್ತಿಯ ಮೂವರ ಪರವಾಗಿಯೇ ನಿಲ್ಲುತ್ತೇನೆ. ಅವರು ಫಲದ ಲೆಕ್ಕ ಹಾಕಿದರು, ನಿಜ. ಕಂದಾಯ ತಪ್ಪಿದರೆ ಆಳುವವರ ಕೈ ಕಟ್ಟುತ್ತದೆ ಎಂಬುದು ಲೆಕ್ಕವೇ. ಆದರೆ ಆ ಲೆಕ್ಕದ ಖರ್ಚಿನ ಕಡೆ ಮೊದಲು ಬರೆದದ್ದು ತಮ್ಮದೇ ಪ್ರಾಣ. ಜೊತೆಗೆ, ಆಸ್ತಿಗೆ ಕೈಹಾಕಿದರೂ ಜೀವಕ್ಕೆ ಹಾಕಕೂಡದು ಎಂಬ ಗೆರೆ ಆ ಚಳವಳಿಗಿತ್ತು. ಸಾವಿನ ಭಾರ ಪೂರ್ತಿ ಒಂದೇ ಕಡೆ ಬಿತ್ತು. 1905ರಲ್ಲಿ ಮಾಸ್ಕೋದಲ್ಲಿ ರಾಜಮನೆತನದ ಸೆರ್ಗೆಯ ಮೇಲೆ ಬಾಂಬು ಎಸೆದ ಕಲ್ಯಾಯೆವ್ ಎಂಬ ತರುಣ, ಅದಕ್ಕೆ ಕೆಲವೇ ದಿನ ಮೊದಲು ಗಾಡಿಯಲ್ಲಿ ಮಕ್ಕಳಿದ್ದದ್ದು ಕಂಡು ಎತ್ತಿದ ಕೈ ಇಳಿಸಿದ್ದ. ಕೊಂದ ಮೇಲೆ ತನ್ನ ಜೀವದ ಭಿಕ್ಷೆ ಬೇಡದೆ ಗಲ್ಲಿಗೇರಿದ. ಅಲ್ಬೆರ್ ಕಮೂ ಈ ಪ್ರಸಂಗ ಹಿಡಿದು ಒಂದು ನಾಟಕವನ್ನೇ ಬರೆದ. ಕಲ್ಯಾಯೆವ್ ಕೊಂದವನು, ಮಹದೇವಪ್ಪ ಸತ್ತವರು, ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸುವುದು ತರವಲ್ಲ. ಆದರೂ ಕಮೂನನ್ನು ಹಿಡಿದು ನಿಲ್ಲಿಸಿದ್ದೇ ಇಲ್ಲಿಯೂ ಹಿಡಿದು ನಿಲ್ಲಿಸುತ್ತದೆ. ಲೆಕ್ಕ ಹಾಕಿದವನು ಬೆಲೆ ತೆರಲು ಮುಂದೆ ನಿಂತಾಗ ಆ ಲೆಕ್ಕಕ್ಕೆ ಬೇರೆಯೇ ತೂಕ ಬರುತ್ತದೆ.

ಬೆಲೆಯನ್ನು ಪೂರ್ತಿ ಹೊಸರಿತ್ತಿಯ ಮೂವರೇ ತೆತ್ತರೆ? ಇಲ್ಲ, ಅದನ್ನೂ ಹೇಳಬೇಕು. ಚಳವಳಿ ಜೋರಾಗಿದ್ದ ಊರುಗಳ ಮೇಲೆ ಸಾಮೂಹಿಕ ದಂಡ ಹೇರುವುದು ಆ ವರ್ಷಗಳ ಸರ್ಕಾರಿ ರೂಢಿ. ದಂಡಕ್ಕೆ ದುಡ್ಡು ಹೊಂದಿಸಿದವರಲ್ಲಿ ಚಳವಳಿಗೂ ತಮಗೂ ಸಂಬಂಧವಿಲ್ಲದ ಎಷ್ಟೋ ಜನರಿದ್ದರು. ಮಹದೇವಪ್ಪನವರ ಪತ್ನಿ ಸಿದ್ದಮ್ಮನವರು ಸ್ವತಃ ಚಳವಳಿಯಲ್ಲಿದ್ದವರು, ಅವರ ಒಪ್ಪಿಗೆಯ ಮಾತು ಬೇರೆ. ಊರಿನ ಉಳಿದವರನ್ನು ಕೇಳಿದವರು ಯಾರು? ಈ ಕೊಸರು ಉಳಿಯುತ್ತದೆ, ಉಳಿಯಲಿ. ಲೆಕ್ಕಿಗನೂ ಬೆಲೆ ತೆರುವವನೂ ಪೂರ್ತಿ ಒಬ್ಬನೇ ಆಗಿರುವ ಪ್ರಸಂಗ ಲೋಕದಲ್ಲಿ ಸಿಗುವುದು ಕಷ್ಟ. ನಾನು ಹೇಳುವುದಿಷ್ಟೇ. ಆ ಇಬ್ಬರ ನಡುವಿನ ಅಂತರ ಹೆಚ್ಚಿದಷ್ಟೂ ‘ಒಟ್ಟಿನಲ್ಲಿ ಒಳ್ಳೆಯದೇ ಆಗುತ್ತದೆ’ ಎಂಬ ವಾದದ ಬೆಲೆ ಕಡಿಮೆಯಾಗುತ್ತಾ ಹೋಗಬೇಕು. ‘ಇದನ್ನು ಮಾಡಕೂಡದು’ ಎಂಬ ಗೆರೆ ಗಟ್ಟಿಯಾಗುತ್ತಾ ಹೋಗಬೇಕು.

2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಸೇರಿದ್ದ ರೈತರ ಮೇಲೆ ಗೋಲಿಬಾರ್ ಆಯಿತು, ರೈತರ ಪ್ರಾಣ ಹೋಯಿತು. ಮುಂಗಾರು ಬಂದಿದೆ, ಬಿತ್ತನೆ ನಿಂತಿದೆ, ಗೊಬ್ಬರವಿಲ್ಲ. ಇಂಥ ಘಟನೆಗಳಾದಾಗ ಸರ್ಕಾರ ಯಾವುದೇ ಇರಲಿ, ಬರುವ ಸಮರ್ಥನೆ ಒಂದೇ: ಗುಂಡು ಹಾರಿಸದಿದ್ದರೆ ಇನ್ನೂ ಹೆಚ್ಚಿನ ಅನಾಹುತ ಆಗುತ್ತಿತ್ತು. ಇದು ಅಪ್ಪಟ ಪರಿಣಾಮವಾದ. ಆಗದೇ ಹೋದ ಅನಾಹುತವನ್ನು ಆದ ಸಾವಿನ ಎದುರು ಇಟ್ಟು ತೂಗುವ ಈ ತಕ್ಕಡಿಯನ್ನು ಹಿಡಿದವರಲ್ಲಿ ಒಬ್ಬರಾದರೂ ಗೊಬ್ಬರದ ಸಾಲಿನಲ್ಲಿ ನಿಂತವರಲ್ಲ. ಲೆಕ್ಕ ಸರಿಯೂ ಇರಬಹುದೇನೋ. ಆದರೆ ಅದನ್ನು ಮಂಡಿಸುವ ಹಕ್ಕು ಅವರಿಗೆ ಎಲ್ಲಿಂದ ಬಂತು?

ಇನ್ನು ಬ್ಯಾಡಗಿಯ ಮೆಣಸಿನಕಾಯಿ ಪೇಟೆ. ಅಧಿಕಾರ ಯಾರದು, ಹೊಣೆ ಯಾರದು ಎಂಬುದು ಗೋಲಿಬಾರಿನಲ್ಲಿ ಕಂಡಷ್ಟು ನಿಚ್ಚಳವಾಗಿ ಪೇಟೆಯಲ್ಲಿ ಕಾಣುವುದಿಲ್ಲ. ಅದಕ್ಕೇ ನೀತಿಯ ವಿಚಾರಕ್ಕೆ ಪೇಟೆ ಹೆಚ್ಚು ಒಳ್ಳೆಯ ಜಾಗ.

ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಡಬ್ಬಿ ಮತ್ತು ಕಡ್ಡಿ ಎಂದು ಎರಡು ಬಗೆ. ಅದರ ಬಣ್ಣವನ್ನು ಎಣ್ಣೆಯ ರೂಪದಲ್ಲಿ ಹಿಂಡಿ ತೆಗೆಯುವ ಕಾರ್ಖಾನೆಗಳಿವೆ. ಆ ಬಣ್ಣ ತಿಂಡಿಗೂ ಹೋಗುತ್ತದೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹಾವೇರಿ, ಧಾರವಾಡ, ಗದಗದ ಕಾಯಿಯ ಜೊತೆಗೆ ಈಗ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಲಾರಿಗಟ್ಟಲೆ ಮಾಲು ಇಲ್ಲಿಗೇ ಬರುತ್ತದೆ. ದಲಾಲಿ ಅಂಗಡಿಯ ಮುಂದೆ ಲಾಟ್ ಹಾಕುತ್ತಾರೆ. ಖರೀದಿದಾರ ಬರುತ್ತಾನೆ, ಕಾಯಿ ಹಿಡಿದು ಅಲುಗಿಸುತ್ತಾನೆ, ಮುರಿಯುತ್ತಾನೆ, ಬಣ್ಣ ನೋಡುತ್ತಾನೆ, ತೇವ ನೋಡುತ್ತಾನೆ, ಇ-ಟೆಂಡರಿನಲ್ಲಿ ದರ ಹಾಕುತ್ತಾನೆ. ಯಾರು ಎಷ್ಟು ಹಾಕಿದರು ಎಂಬುದು ಇನ್ನೊಬ್ಬನಿಗೆ ಗೊತ್ತಿರುವುದಿಲ್ಲ. ಹೆಚ್ಚು ಹಾಕಿದವನಿಗೆ ಮಾಲು. ರೈತನಿಗೆ ದರ ಒಪ್ಪಿಗೆಯಾಗದಿದ್ದರೆ ಕೊಡದೆ ಇರುವ ಹಕ್ಕಿದೆ.

ಕಾಗದದ ಮೇಲೆ ಇದಕ್ಕಿಂತ ನ್ಯಾಯದ ಏರ್ಪಾಡು ಬೇಕೆ? 1971ರಲ್ಲಿ ಜಾನ್ ರಾಲ್ಸ್ ‘ನ್ಯಾಯದ ಸಿದ್ಧಾಂತ’ ಬರೆದಾಗ, ತಾನು ಸಮಾಜದಲ್ಲಿ ಯಾವ ಸ್ಥಾನದಲ್ಲಿದ್ದೇನೆ ಎಂಬುದನ್ನೇ ಮರೆತು ನಿಯಮ ಮಾಡಬೇಕು, ಆಗ ಮಾತ್ರ ನಿಯಮ ನ್ಯಾಯವಾಗಿರುತ್ತದೆ ಎಂದ. ಟೆಂಡರಿನಲ್ಲೂ ರಾಲ್ಸ್ ಹೇಳಿದ ‘ಅಜ್ಞಾನದ ತೆರೆ’ಯಂಥದೊಂದು ಇದೆ. ಆದರೆ ಅದು ಖರೀದಿದಾರರ ನಡುವಿನ ತೆರೆ. ಖರೀದಿದಾರನಿಗೂ ರೈತನಿಗೂ ನಡುವೆ ಇರುವುದು ಬೇರೆ ತೆರೆ, ಅದರ ಆಚೆಗೆ ಒಂದೇ ಕಡೆಯಿಂದ ಕಾಣುತ್ತದೆ. ಕಾಯಿ ಮುರಿದು ನೋಡುವ ಹಕ್ಕು ಖರೀದಿದಾರನಿಗಿದೆ, ಕೋಲ್ಡ್ ಸ್ಟೋರೇಜಿನ ಬಾಗಿಲು ತೆಗೆಸಿ ನೋಡುವ ಹಕ್ಕು ರೈತನಿಗಿಲ್ಲ. ಒಳಗೆ ಎಷ್ಟು ಚೀಲ ಇದೆ, ಅದರಲ್ಲಿ ಎಷ್ಟು ಈ ತಿಂಗಳೇ ಹೊರಬರುತ್ತದೆ, ಬಣ್ಣದ ಕಾರ್ಖಾನೆಯವರು ಎಷ್ಟಕ್ಕೆ ಮಾತಾಡಿದ್ದಾರೆ, ಹೊರದೇಶದ ಬೇಡಿಕೆ ಹೇಗಿದೆ ಎಂಬುದು ಖರೀದಿದಾರನ ಫೋನಿಗೆ ಬಂದಷ್ಟು ಬೇಗ ರೈತನ ಹೊಲಕ್ಕೆ ಬರುವುದಿಲ್ಲ.

ಎರಡು ಸಾವಿರ ವರ್ಷದ ಹಿಂದೆ ಸಿಸೆರೊ ತನ್ನ ಮಗನಿಗಾಗಿ ಬರೆದ ಕರ್ತವ್ಯಗಳ ಪುಸ್ತಕದಲ್ಲಿ ಇದೇ ಪೇಚು ಬರುತ್ತದೆ. ರೋಡ್ಸ್ ದ್ವೀಪದಲ್ಲಿ ಬರ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವ್ಯಾಪಾರಿ ಕಾಳು ತುಂಬಿದ ಹಡಗು ತಂದಿದ್ದಾನೆ. ತನ್ನ ಹಿಂದೆಯೇ ಇನ್ನೂ ಹಲವು ಹಡಗು ಬರುತ್ತಿರುವುದು ಅವನಿಗೆ ಗೊತ್ತು, ಊರವರಿಗೆ ಗೊತ್ತಿಲ್ಲ. ಹೇಳಬೇಕೆ? ಬ್ಯಾಬಿಲೋನಿನ ಡಯೋಜಿನಿಸ್, ಕಾನೂನು ಕೇಳಿದಷ್ಟು ಹೇಳಿದರೆ ಸಾಕು, ಸುಮ್ಮನಿರುವುದು ಮೋಸವಲ್ಲ ಎಂದ. ಅವನ ಶಿಷ್ಯ ಆಂಟಿಪೇಟರ್ ಒಪ್ಪಲಿಲ್ಲ. ಕೊಳ್ಳುವವನಿಗೆ ತಿಳಿಯದೆ ಇರಲಿ ಎಂದು ಬಾಯಿ ಮುಚ್ಚಿಕೊಂಡು ಲಾಭ ಮಾಡಿದರೆ ಅದು ಮೋಸವೇ ಎಂದ. ಸಿಸೆರೊ ಶಿಷ್ಯನ ಕಡೆಗೇ ವಾಲಿದ. ಬ್ಯಾಡಗಿಯಲ್ಲಿ ಕಥೆ ತಿರುಗುಮುರುಗು. ಇಲ್ಲಿ ಗುಟ್ಟು ಗೊತ್ತಿರುವುದು ಕೊಳ್ಳುವವನಿಗೆ. ಹಾಗೆಂದು ರೈತ ಎಲ್ಲವನ್ನೂ ಬಿಚ್ಚಿಡುತ್ತಾನೆ ಎಂದಲ್ಲ. ಸರಿಯಾಗಿ ಒಣಗದ ಕಾಯಿ ಚೀಲದ ನಡುವೆ, ಒಣಗಿದ್ದು ಮೇಲೆ ಹಾಕುವ ಕಲೆ ಅವನಿಗೂ ಗೊತ್ತು. ಬೇರೆ ತಳಿಯ ಕಾಯಿಯನ್ನು ಬ್ಯಾಡಗಿ ಎಂದು ಹೇಳಿ ಮಾರುವವರೂ ಇದ್ದಾರೆ. ಆಂಟಿಪೇಟರನ ಮಾತು ಒಪ್ಪಿದರೆ ಇಬ್ಬರೂ ತಪ್ಪಿತಸ್ಥರೇ. ಆದರೆ ಚೀಲಕ್ಕೆ ಕೈಹಾಕಿದರೆ ರೈತನ ಗುಟ್ಟು ಅಲ್ಲೇ ಬಯಲಾಗುತ್ತದೆ. ಖರೀದಿದಾರನ ಗುಟ್ಟು ಬಯಲಾಗುವುದು ಹಂಗಾಮು ಮುಗಿದ ಮೇಲೆ.

‘ಒಪ್ಪದಿದ್ದರೆ ಕೊಡಬೇಡ’ ಎಂಬ ಹಕ್ಕಿನ ಗತಿಯನ್ನೂ ನೋಡೋಣ. ಮನುಷ್ಯನ ಒಪ್ಪಿಗೆ ಇಲ್ಲದೆ ಅವನನ್ನು ಬಳಸಕೂಡದು ಎಂಬ ಕಾಂಟ್‌ನ ತತ್ವ ಇಲ್ಲಿ ಕಾಯಿದೆಯಾಗಿ ಕೂತಿದೆ. ಸಿರಗುಪ್ಪದ ಕಡೆಯಿಂದ ರಾತ್ರಿಯೆಲ್ಲ ಲಾರಿಯಲ್ಲಿ ಬಂದವನಿಗೆ ಮಧ್ಯಾಹ್ನ ದರ ಗೊತ್ತಾಗುತ್ತದೆ. ಬೇಡ ಎನ್ನಬಹುದು. ಅಂದರೆ ಮಾಲು ವಾಪಸ್ ಒಯ್ಯುವ ಬಾಡಿಗೆ, ಇಲ್ಲವೇ ಕೋಲ್ಡ್ ಸ್ಟೋರೇಜಿನ ಬಾಡಿಗೆ, ಹಮಾಲಿ ಎರಡನೇ ಸಲ. ಊರಲ್ಲಿ ಔಷಧದ ಅಂಗಡಿಯವನ ಬಾಕಿ, ಬಿಡಿಸಿದವರ ಕೂಲಿ ಕಾಯುತ್ತಿರುತ್ತದೆ. ಇಷ್ಟೆಲ್ಲ ತಲೆಯ ಮೇಲಿದ್ದವನು ‘ಹೂಂ, ಕೊಡ್ರಿ’ ಅಂದರೆ ಅದು ಒಪ್ಪಿಗೆಯೋ ಸೋತ ಮಾತೋ? ಬಲವಂತ ಯಾರೂ ಮಾಡಿಲ್ಲ ಎನ್ನುವುದು ನಿಜ. ಆದರೆ ಬೇಡ ಎನ್ನುವುದಕ್ಕೂ ಖರ್ಚಿದೆ, ಆ ಖರ್ಚು ಪೂರ್ತಿ ಒಬ್ಬನದೇ ಆದಾಗ ಒಪ್ಪಿಗೆಯ ತತ್ವ ಟೊಳ್ಳಾಗುತ್ತದೆ. ಕರ್ತವ್ಯವಾದಿಗಳು ಒಪ್ಪಿಗೆಯ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಅದರ ಬಾಡಿಗೆ ಯಾರು ಕೊಡಬೇಕು ಎಂಬುದರ ಮೇಲೆ ಅಷ್ಟು ಬರೆದಿಲ್ಲ.

2024ರ ಮಾರ್ಚ್ 11, ಸೋಮವಾರ, ದರ ಏಕಾಏಕಿ ಕುಸಿಯಿತು ಎಂದು ಸಿಟ್ಟಿಗೆದ್ದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಆಮೇಲೆ ಎರಡು ಮಾತು ಕೇಳಿಬಂದವು. ಪೇಟೆಯ ಕಡೆಯಿಂದ ಬಂದದ್ದು: ‘ದರಾ ನಾವು ಇಳಿಸೇವೇನ್ರೀ? ಮಾಲು ಹೆಚ್ಚು ಬಂತು, ತೇವ ಇತ್ತು, ಇಳೀತು.’ ರೈತರ ಕಡೆಯಿಂದ ಬಂದದ್ದು: ‘ಬೆಂಕಿ ಹಚ್ಚದಿದ್ರ ನಮ್ಮ ಮಾತು ಯಾರು ಕೇಳ್ತಾರ?’ ಮೊದಲನೆಯ ಮಾತು ನೀತಿಯ ಪ್ರಶ್ನೆಯನ್ನೇ ಅಳಿಸಿಹಾಕುತ್ತದೆ. ಮಳೆ ಬಂದ ಹಾಗೆ ದರ ಬೀಳುತ್ತದೆ, ಮಳೆಯನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ ಎನ್ನುವ ಮಾತು ಅದು. ಟೆಂಡರಿಗೆ ನಿಯಮ ಬರೆದದ್ದು ಮನುಷ್ಯರು, ಯಾರಿಗೆ ಏನು ತಿಳಿಯಬೇಕು ಏನು ತಿಳಿಯಬಾರದು ಎಂದು ಗೆರೆ ಎಳೆದವರೂ ಮನುಷ್ಯರು. ಹಾಗಾಗಿ ಆ ಮಾತು ಅರ್ಧ ಮಾತ್ರ ನಿಜ.

ಎರಡನೆಯ ಮಾತು ನನಗೆ ಹೆಚ್ಚು ಕಷ್ಟ. ಅನ್ಯಾಯವಾದವನ ಸಿಟ್ಟಿನ ಮೇಲೆ ನೀತಿಪಾಠ ಹೇಳುವುದು ಸುಲಭದ ಕೆಲಸ, ನನಗೆ ಅದರಲ್ಲಿ ಉತ್ಸಾಹವಿಲ್ಲ. ಆದರೆ ಹೊಸರಿತ್ತಿಗೆ ಹಿಡಿದ ಅಳತೆಯನ್ನು ಇಲ್ಲಿಗೂ ಹಿಡಿಯದಿದ್ದರೆ ಅದು ಅಳತೆಯೇ ಅಲ್ಲ. ಬೆಂಕಿಯಿಂದ ಒಳ್ಳೆಯದಾಗುತ್ತದೆ ಎಂಬ ಲೆಕ್ಕದ ಬೆಲೆ ತೆತ್ತವರು ಯಾರು? ಗಾಡಿ ಸುಟ್ಟುಹೋದವರು, ಕಚೇರಿಯಲ್ಲಿ ಜೀವ ಕೈಯಲ್ಲಿ ಹಿಡಿದು ಓಡಿದ ಗುಮಾಸ್ತರು, ಅಂದಿನ ಗಲಾಟೆಯಲ್ಲಿ ಚೀಲ ಬಿಟ್ಟು ಕದಲಲಾಗದೆ ನಿಂತ ಬೇರೆ ರೈತರು. ದರ ಇಳಿಸಿದವರು ಯಾರೋ, ಸುಟ್ಟದ್ದು ಇನ್ಯಾರದೋ. 1943ರ ಮೂವರಿಗೂ 2024ರ ಗುಂಪಿಗೂ ಇರುವ ವ್ಯತ್ಯಾಸ ಸಿಟ್ಟಿನದಲ್ಲ, ಕಾರಣದ ನ್ಯಾಯದ್ದೂ ಅಲ್ಲ. ಬೆಲೆ ಯಾರ ತಲೆಗೆ ಹೋಯಿತು ಎಂಬುದರದ್ದು.

ಹಾಗಾದರೆ ಪೇಟೆಯಲ್ಲಿ ಮಾಡಬಹುದಾದದ್ದೇನು? ನನ್ನ ಮಟ್ಟಿಗೆ ಉತ್ತರ ಸಣ್ಣದು, ಕೊಂಚ ಬೇಸರ ತರಿಸುವಂಥದ್ದು. ಟೆಂಡರಿನ ದಿನ ಬೆಳಿಗ್ಗೆ ಎಲ್ಲ ಕೋಲ್ಡ್ ಸ್ಟೋರೇಜಿನ ದಾಸ್ತಾನು ಫಲಕದ ಮೇಲೆ ಬರಲಿ. ದರ ಒಪ್ಪದ ರೈತನ ಚೀಲಕ್ಕೆ ಮೊದಲ ಕೆಲವು ದಿನದ ದಾಸ್ತಾನು ಬಾಡಿಗೆ ಮಾರುಕಟ್ಟೆ ಶುಲ್ಕದಿಂದ ಹೋಗಲಿ. ಖರೀದಿದಾರ ಇದಕ್ಕೆ ಒಂದು ಆಕ್ಷೇಪ ಎತ್ತಬಹುದು: ಪುಕ್ಕಟೆ ಇಡಲು ಜಾಗ ಸಿಕ್ಕರೆ ಎಲ್ಲರೂ ಬೇಡ ಎನ್ನುತ್ತಾರೆ, ಪೇಟೆಯೇ ನಡೆಯುವುದಿಲ್ಲ, ಶುಲ್ಕ ಕಟ್ಟುವವನೂ ನಾನೇ. ಪ್ರಾಮಾಣಿಕ ಆಕ್ಷೇಪ ಇದು, ಏಕೆಂದರೆ ಖರ್ಚು ಯಾರದೆಂದು ನೇರ ಕೇಳುತ್ತದೆ. ಚರ್ಚೆ ಈ ಮಟ್ಟಕ್ಕೆ ಇಳಿದರೆ ಸಿದ್ಧಾಂತದ ಹೆಸರು ಹಿಡಿದು ಜಗಳಾಡುವುದು ಅರ್ಧ ಕಡಿಮೆಯಾಗುತ್ತದೆ.

ಕಾಂಟ್‌ನ ಅಂಗಡಿಕಾರನನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. 1785ರ ಪುಸ್ತಕದಲ್ಲಿ ಅವನು ಬರುತ್ತಾನೆ. ಏನೂ ಅರಿಯದ ಮಗು ಬಂದರೂ ಎಲ್ಲರಿಗೆ ಕೊಡುವ ದರಕ್ಕೇ ಕೊಡುತ್ತಾನೆ, ಆದರೆ ಅದು ಗಿರಾಕಿ ಕಳೆದುಕೊಳ್ಳಬಾರದೆಂಬ ಜಾಣತನ; ಕರ್ತವ್ಯದಿಂದ ಮಾಡಿದ್ದಲ್ಲವಾದ್ದರಿಂದ ಅದಕ್ಕೆ ನೈತಿಕ ಬೆಲೆಯಿಲ್ಲ ಎಂದ ಕಾಂಟ್. ಪಾಪ, ಕಾಂಟ್ ಎಂದೂ ಪೇಟೆಯಲ್ಲಿ ಮಾಲು ಮಾರಿದವನಲ್ಲ. ತೂಕದಲ್ಲಿ ಮೋಸವಿಲ್ಲದ ದಲಾಲಿಯ ಎದೆಯೊಳಗೆ ಕರ್ತವ್ಯ ಇದೆಯೋ ಲಾಭದ ಆಸೆ ಇದೆಯೋ ಎಂದು ರೈತ ಕೇಳುವುದಿಲ್ಲ. ತಕ್ಕಡಿ ಸರಿ ಇದ್ದರಾಯಿತು. ಬೆಲೆ ತೆರುವವನ ಕಡೆಯಿಂದ ನೋಡಿದಾಗ, ಮಾಡುವವನ ಮನಸ್ಸಿನ ಶುದ್ಧಿ ಅವನ ಖಾಸಗಿ ವಿಷಯವಾಗುತ್ತದೆ.

ಬ್ಯಾಡಗಿ ತಾಲ್ಲೂಕಿನಲ್ಲೇ ಇರುವ ಕಾಗಿನೆಲೆಗೆ ಬಂದರೆ, ಈ ಬೆಲೆಯ ಮಾತು ಐನೂರು ವರ್ಷ ಹಳೆಯದು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ನರೆದಲೆಗಕ್ಕೂ, ಅಂದರೆ ರಾಗಿಗೂ, ಯಾರು ಹೆಚ್ಚು ಎಂಬ ಜಗಳ. ಭತ್ತ ತನ್ನ ಕುಲ, ಪೂಜೆಯಲ್ಲಿ ತನಗಿರುವ ಸ್ಥಾನ ಹೇಳಿಕೊಳ್ಳುತ್ತದೆ. ರಾಗಿ ಬರದಲ್ಲಿ ಬಡವರ ಹೊಟ್ಟೆ ಹೊರೆದದ್ದು ಹೇಳುತ್ತದೆ. ಒಂದು ಸ್ಥಾನದ ವಾದ, ಇನ್ನೊಂದು ಫಲದ ವಾದ. ರಾಮ ಇಬ್ಬರ ವಾದವನ್ನೂ ತೂಗಿ ಅಲ್ಲಿಯೇ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿ ಎನ್ನುತ್ತಾನೆ. ಭತ್ತ ಕೆಟ್ಟುಹೋಗುತ್ತದೆ, ರಾಗಿ ಹಾಗೆಯೇ ಇರುತ್ತದೆ. ಸಾಮಾನ್ಯವಾಗಿ ಇದನ್ನು ಕೆಳಗಿನವರ ಗೆಲುವಿನ ಕಥೆ ಎಂದು ಓದುತ್ತಾರೆ, ಸರಿಯಾದ ಓದೇ. ನನಗೆ ಮುಖ್ಯವಾಗಿ ಕಾಣುವುದು ಇಬ್ಬರಿಗೂ ಒಂದೇ ಸೆರೆ ಎಂಬ ಸಂಗತಿ. ವಾದ ಮಾಡಿದವರು ತಮ್ಮ ಮೈಮೇಲೆಯೇ ಪರೀಕ್ಷೆ ತೆಗೆದುಕೊಳ್ಳಬೇಕಾಯಿತು. ಒಂದು ಅನುಮಾನವನ್ನೂ ಬಚ್ಚಿಡಲಾರೆ. ಆರು ತಿಂಗಳ ಬಾಳಿಕೆಯೇ ಪರೀಕ್ಷೆ ಎಂದಾಗಲೇ ಫಲಿತಾಂಶ ಅರ್ಧ ನಿರ್ಧಾರವಾಗಿತ್ತಲ್ಲವೆ? ಮಳೆ ನಂಬಿದ ನೆಲದ ಕವಿ ಬಾಳಿಕೆಯನ್ನು ಮೆಚ್ಚಿದ. ಕಾಲುವೆಯ ಕೊನೆಯಲ್ಲಿ ನಿಂತ ಕವಿ ಬೇರೆ ಪರೀಕ್ಷೆ ಇಡುತ್ತಿದ್ದನೇನೋ. ಪರೀಕ್ಷೆಯ ಆಯ್ಕೆಯಲ್ಲೂ ಪಕ್ಷ ಇರುತ್ತದೆ. ಕನಕದಾಸರು ತಮ್ಮ ಪಕ್ಷ ಮುಚ್ಚಿಡಲಿಲ್ಲ.

ಇಲ್ಲಿಯವರೆಗಿನ ವಾದ ಎಲ್ಲಿ ಮುಗ್ಗರಿಸುತ್ತದೆ ಎಂಬುದು ರಾಣೆಬೆನ್ನೂರಿಗೆ ಬಂದರೆ ಗೊತ್ತಾಗುತ್ತದೆ. ಬೆಲೆ ತೆರುವವನನ್ನು ಕೇಳಬೇಕು ಎಂದೆ. ಅವನಿಗೆ ಮಾತೇ ಬಾರದಿದ್ದರೆ? 1974ರಲ್ಲಿ ಘೋಷಣೆಯಾದ ಇಲ್ಲಿನ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರಿನದು. ಕೃಷ್ಣಮೃಗಕ್ಕೆ ಗಡಿ ತಿಳಿಯದು. ಸುತ್ತಲಿನ ಗೋವಿನಜೋಳದ ಹೊಲಕ್ಕೆ ಬರುತ್ತದೆ. ಪ್ರಾಣಿಗೆ ಬುದ್ಧಿ ಇದೆಯೋ ಇಲ್ಲವೋ, ಅದಕ್ಕೆ ನೋವಾಗುತ್ತದೆಯೋ ಅಷ್ಟು ನೋಡಿ ಎಂದಿದ್ದ ಬೆಂಥಾಮ್. ಒಪ್ಪೋಣ. ಆದರೆ ಮೃಗ ಉಳಿಯಲಿ ಎಂದು ಬೆಂಗಳೂರಿನಲ್ಲಿ ಕೂತು ಹಾರೈಸುವ ನನ್ನಂಥವರ ಪುಣ್ಯದ ಖರ್ಚು ಹುಲ್ಲತ್ತಿಯ ಕಡೆಯ ಹೊಲದವನ ಖಾತೆಗೆ ಹೋಗುತ್ತದೆ. ಪರಿಹಾರವನ್ನು ಉಪಕಾರ ಎಂದು ಕರೆಯುವುದು ತಪ್ಪು, ಅದು ಸಾಲದ ಕಂತು.

ಮೃಗಕ್ಕಿಂತ ಮಕ್ಕಳ ವಿಷಯ ಹೆಚ್ಚು ಇಕ್ಕಟ್ಟಿನದು. ಹೈಬ್ರಿಡ್ ಹತ್ತಿಯ ಬೀಜೋತ್ಪಾದನೆಯಲ್ಲಿ ಪ್ರತಿ ಹೂವನ್ನೂ ಕೈಯಿಂದ ಕ್ರಾಸಿಂಗ್ ಮಾಡಬೇಕು. ಸಂಜೆ ಮೊಗ್ಗಿನ ಗಂಡು ಭಾಗ ಚಿವುಟಿ ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸಬೇಕು. ದಕ್ಷಿಣ ಭಾರತದಲ್ಲಿ ಇಂಥ ಬೀಜದ ಹೊಲ ಇರುವಲ್ಲೆಲ್ಲ ಹುಡುಗಿಯರ ದುಡಿಮೆಯ ದೂರು ದಶಕಗಳಿಂದ ಇದೆ. ಸಮರ್ಥನೆಯೂ ಅಷ್ಟೇ ಹಳೆಯದು: ಸಣ್ಣ ಬೆರಳು, ಹೂವಿಗೆ ಗಾಯವಾಗುವುದಿಲ್ಲ, ಮನೆಗೂ ನಾಲ್ಕು ಕಾಸು. ಇದೂ ಪರಿಣಾಮವಾದವೇ. ಬೀಜದ ಕಂಪನಿ ಈ ಲೆಕ್ಕ ಹಾಕಿದರೆ ಉತ್ತರ ಸುಲಭ, ಬೆರಳು ಅದರದಲ್ಲ. ಅಪ್ಪನೇ ಹಾಕಿದರೆ? ಅವನೂ ಬೆಲೆ ತೆರುವವನೇ. ಒಂದು ಬೆಳಿಗ್ಗೆ ಕ್ರಾಸಿಂಗ್ ತಪ್ಪಿದರೆ ಆ ದಿನದ ಹೂವು ಹೋದ ಹಾಗೆ. ಮಗಳ ಮೇಲೆ ಅವನಿಗಿರುವ ಪ್ರೀತಿಯನ್ನು ಪ್ರಶ್ನಿಸಲು ನಾನಾರು? ಆದರೂ ಅವನು ಹಾಕುವುದು ಇನ್ನೊಬ್ಬರ ಲೆಕ್ಕ. ‘ಬೇಡ’ ಎನ್ನುವ ಹಕ್ಕು ಕಾಗದದ ಮೇಲೂ ಇಲ್ಲದವಳ ಲೆಕ್ಕ. ಹಾಗಾಗಿ ಇಲ್ಲಿ ಲೆಕ್ಕಕ್ಕೇ ಅವಕಾಶ ಕೊಡಬಾರದು, ಗೆರೆ ಮಾತ್ರ ಇರಬೇಕು.

ಗೆರೆ ಇದೆ, ತೂತೂ ಇದೆ. ಬಾಲಕಾರ್ಮಿಕ ಕಾಯಿದೆಯ 2016ರ ತಿದ್ದುಪಡಿ ಹದಿನಾಲ್ಕರ ಒಳಗಿನ ಮಕ್ಕಳ ದುಡಿಮೆ ನಿಷೇಧಿಸಿದಾಗ, ಶಾಲೆಯ ಸಮಯದ ಹೊರಗೆ ಮತ್ತು ರಜೆಯಲ್ಲಿ ಮನೆಯ ಕಸುಬಿಗೆ ನೆರವಾಗಬಹುದು ಎಂದು ಒಂದು ವಿನಾಯಿತಿ ಇಟ್ಟಿತು. ಬೀಜದ ಹೊಲ ಸಾಮಾನ್ಯವಾಗಿ ಮನೆಯದೇ, ಕಂಪನಿಯದು ಒಪ್ಪಂದ ಮಾತ್ರ. ಇನ್ನು ಹತ್ತಿಯ ಪರಾಗ ಮುಟ್ಟಿಸುವುದಕ್ಕೆ ಒಳ್ಳೆಯ ಹೊತ್ತು ಬೆಳಿಗ್ಗೆ ಸುಮಾರು ಎಂಟರಿಂದ ಹನ್ನೊಂದು. ಶಾಲೆಯ ಗಂಟೆ ಹೊಡೆಯುವುದೂ ಅದೇ ಹೊತ್ತಿಗೆ. ವಿನಾಯಿತಿ ಬರೆದವರು ಹತ್ತಿಯ ಹೂವು ಯಾವಾಗ ಅರಳುತ್ತದೆ ಎಂದು ವಿಚಾರಿಸಿದ್ದರೆ ‘ಶಾಲೆಯ ಸಮಯದ ಹೊರಗೆ’ ಎಂಬ ಮಾತಿಗೆ ಬೀಜದ ಹೊಲದಲ್ಲಿ ಅರ್ಥವಿಲ್ಲ ಎಂದು ಗೊತ್ತಾಗುತ್ತಿತ್ತು. ಆ ಮೂರು ಗಂಟೆಗೆ ದೊಡ್ಡವರನ್ನು ಕೂಲಿಗೆ ಕರೆಯಬೇಕು, ಆ ಕೂಲಿ ರೈತನಿಗೆ ದಕ್ಕುವಂತೆ ಬೀಜದ ಖರೀದಿ ದರ ಇರಬೇಕು. ಆ ದರ ಕಟ್ಟುವ ಮೇಜಿನ ಒಂದು ಕಡೆ ಕಂಪನಿ ಇರುತ್ತದೆ, ಇನ್ನೊಂದು ಕಡೆ ಅದರ ಮಧ್ಯಸ್ಥ. ಕೇಳಬೇಕಾದದ್ದನ್ನು ಕೇಳಬೇಕಾದ ಜಾಗ ಆ ಮೇಜು.